ಹದಿನೆಂಟು ಪಾಯಿಂಟ್ ಏಳು

ಸೊಲ್ಲಾಪುರದಾಗ ಮೇ ತಿಂಗಳು,
ತಗಡಿನ ಮ್ಯಾಲ ರೊಟ್ಟಿ ಬೇಯೂವಂಥ ಬಿಸಲು.
ಅಂಥಾದ್ರಾಗ ಗುರುಬಾಯಿ
ನಮ್ಮ ಕಾರಖಾನಿಯ ಡಾಗಿ ಚಾದರ ಹೊದ್ದು
ಮೂಲಿಗೆ ಕುಂತಿದ್ಳು,
ಥಂಡಿ ಅಂತ.

ನಾದಿನಿ ಅಂದ್ಳು, ಯಾರೋ ಮಾಡಿಸ್ಯಾರ.
ಓಣಿಯವರು ಅಂದ್ರು, ಆಲಸಿ.
ನಾ ಒದರಿದೆ.

ಮೂವತ್ತು ವರ್ಷ ಮಗ್ಗದ ಸಪ್ಪಳದಾಗ ಬೆಂದವ ನಾ,
ಜಾಬರ್.
ಮೆಲ್ಲಕ ಮಾತಾಡೂದು ಬರೂದಿಲ್ಲ.
ಬೆಲ್ಟ್ ಹರೀಲಿ, ಲಾಳಿ ಹಾರಲಿ,
ಒದರೂದೊಂದೇ ಹತ್ಯಾರ.
ಮನ್ಯಾಗೂ ಅದೇ:
ಕೂದಲಾ ಉದರಿದ್ರ ಎಣ್ಣಿ ಹಚ್ಚ,
ಮೈ ಬಂದ್ರ ಕಡಿಮಿ ತಿನ್ನ,
ಎಷ್ಟ ಮಲಗತಿ, ಏಳ.
ಏಳಲಿಲ್ಲಂದ್ರ ಇನ್ನೊಂದು ಪಟ್ಟು ಜೋರ.

ಅಶೋಕ ಚೌಕದ ಲ್ಯಾಬಿನಾಗ
ಮುಂಜಾನಿ ರಕ್ತ ಕೊಟ್ಟು ಸಂಜಿಗೆ ರಿಪೋಟ.
ಇಂಗ್ಲಿಷ್ ನನಗ ಬರೂದಿಲ್ಲ, ಅಂಕಿ ಬರತಾವ.
ಟಿ ಎಸ್ ಎಚ್, ಹದಿನೆಂಟು ಪಾಯಿಂಟ್ ಏಳು.
ಬಾಜೂಕ ಸಣ್ಣದಾಗಿ, ನಾಕೂಕಾಲರ ತನಕ ನಡೀತದ ಅಂತ.
(ಬ್ಯಾರೆ ಲ್ಯಾಬಿನಾಗ ಗೆರಿ ಐದರ ಮ್ಯಾಲೂ ಅದ ಅಂತಾರ.
ಗೆರಿ ನಮಗೇನ ಹೊಸಾದಲ್ಲ.
ವಿಜಾಪುರ ಆ ಕಡಿ, ನಾವು ಈ ಕಡಿ,
ಎಳದವರು ಬಂದು ಕೇಳಲಿಲ್ಲ.)

ಭಾಳ ಆಗ್ಯದ ಬಿಡು, ಅಂದೆ ನಾ.
ಏನೋ ಹೆಚ್ಚಿಗಿ ತುಂಬ್ಯದ ಮೈಯಾಗ,
ಅದಕ್ಕ ಬಾತಾಳ, ಇಳಸಬೇಕು.

ಲ್ಯಾಬಿನ ಹುಡುಗಿ ಸ್ವರೂಪಾ ಚಿಲ್ವೇರಿ,
ಮನ್ಯಾಗ ತೆಲುಗು, ಗಿರಾಕಿಗೆ ಮರಾಠಿ,
ನನಗಂತ ಒಂದೀಟು ಮುರಕ ಕನ್ನಡ.
"ಮಾಮಾ, ಹೆಚ್ಚಲ್ಲ. ಕಮ್ಮಿ ಆಗ್ಯದ."

ಹದಿನೆಂಟು, ನಾಕಕ್ಕಿಂತ ಕಮ್ಮಿ ಹ್ಯಾಂಗ?
ಇಂಚಿಗೆ ಎಷ್ಟು ಎಳಿ ಅನ್ನೂದ್ರಾಗ ಇಂಥಾ ಲೆಕ್ಕ ಬಂದ್ರ
ಮಾಲು ವಾಪಸ್ ಬರತದ.

ಬಿಲ್ಲಿನ ಹಿಂದ ಪೆನ್ನಿಲೆ
ಒಂದು ತಲಿ ಬರದ್ಳು, ಒಂದು ಕೊಳ್ಳ.
"ಇಲ್ಲಿ ತಲಿಯೊಳಗ, ಕಡಲಿಕಾಳಿನಷ್ಟು ಒಂದು ಗಂಟು.
ಇಲ್ಲಿ ಕೊಳ್ಳಾಗ ಇನ್ನೊಂದು. ಇದು ಕಾಮಗಾರ.
ಮ್ಯಾಲಿಂದು ಹೇಳತದ, ನಡಸು ಅಂತ.
ಇದು ದಣದದ, ನಡಸವಲ್ದು.
ಮ್ಯಾಲಿಂದು ಜೋರ ಮಾಡತದ. ಆದ್ರೂ ನಡಸವಲ್ದು.
ಮತ್ತ ಜೋರ.
ಈ ಹದಿನೆಂಟು ಅಂದ್ರ ಕೆಲಸ ಅಲ್ಲ ಮಾಮಾ,
ಒದರಾಟ."

ಕೆಳಗಿನ ಸಾಲಿನಾಗ ಟಿ ನಾಕು:
ಸೊನ್ನಿ ಪಾಯಿಂಟ್ ಐದು.
ಅದಕ್ಕ ಬಾಣ ನೆಲಕ್ಕ ಮುಖ ಮಾಡಿತ್ತು.

ರಿಪೋಟ ಮಡಚಿದೆ. ಮತ್ತ ತೆರದೆ.
ಗುರುಬಾಯಿ ಬಾಕಿನ ಮ್ಯಾಲ ಕುಂತಿದ್ಳು,
ಮೊಣಕೈಗೆ ಮುಂಜಾನಿ ಹಚ್ಚಿದ ಪಟ್ಟಿ ಕಿತ್ತಿದ್ದಿಲ್ಲ.
ರಿಕ್ಷಾ ತರತೇನಿ, ಅಂದೆ.
ಏನಂದಿ? ಅಂದ್ಳು.
ರಿಕ್ಷಾ.
ಏನು?
ಅಷ್ಟು ಮೆಲ್ಲಕ ಅಂದಿದ್ನೇನೋ.

ಈಗ ದಿನಾ ಐದಕ್ಕ ಒಂದು ಸಣ್ಣ ಬಿಳಿ ಗುಳಿಗಿ,
ಖಾಲಿ ಹೊಟ್ಟಿ, ಬರೇ ನೀರು.
ಆಮ್ಯಾಲ ಒಂದು ತಾಸು ಚಹಾ ಇಲ್ಲ.
ಅಕಿ ಕುಡಿಯೂದಿಲ್ಲ, ನಾನೂ ಕುಡಿಯೂದಿಲ್ಲ.
ಕಟ್ಟಿ ಮ್ಯಾಲ ಕೂಡತೇವಿ.
ರಾತ್ರಿ ಪಾಳಿ ಮಗ್ಗ ಆ ಕಡಿ ಓಣಿಯಾಗ ಬಡಕೋತಿರತಾವ,
ಅವು ನಿಂತ ಮ್ಯಾಲ
ಅಕಿ ಉಸರು ಕೇಳತದ,
ನನ್ನ ಕಿವಿ ಎಷ್ಟು ಕೆಟ್ಟಾವೋ ಅಷ್ಟರಾಗ.
ಒಂದು ದಿನ ಅಂದ್ಳು, ನನಗ ಥಂಡಿ ಇತ್ತು ಖರೇನ.
ಹೂಂ, ಅಂದೆ.

ಆರು ವಾರಕ್ಕ ಮತ್ತ ರಕ್ತ.
ನಾನೊಬ್ಬನೇ ಹೋಗಿ ರಿಪೋಟ ತಂದೆ.
ಏಳು ಪಾಯಿಂಟ್ ಒಂದು,
ಇನ್ನೂ ಗೆರಿ ಒಳಗ ಬಂದಿಲ್ಲ.
ಡಾಕ್ಟರ್ ಗುಳಿಗಿ ಒಂಚೂರು ಏರಿಸ್ಯಾರ.
"ಇಳದದ ಅಂದ್ರ ಏರ್ಯದ, ಗೊತ್ತಾತಿಲ್ಲೋ ಮಾಮಾ?"
ಗೊತ್ತಾತವ್ವ.

ಮನಿಗೆ ಬಂದ್ರ
ಚಾದರ ಒಗದು ಹಗ್ಗದ ಮ್ಯಾಲ ಹಾಕಿತ್ತು,
ನೀರು ತಟತಟ ತೊಟ್ಟಿಡಾಕತ್ತಿತ್ತು.
ಒಳಗಿಂದ ಗುರುಬಾಯಿ ಒದರಿದ್ಳು,
ಓಣಿಗೆಲ್ಲಾ ಕೇಳೂಹಂಗ,
ಚಪ್ಪಲಿ ಹೊರಗ ಬಿಡ ಅಂತ.

ಬಿಟ್ಟೆ.