ಮೂರು ಕೊಟೇಷನ್ನು

ಮೂರು ಕೊಟೇಷನ್ ಇಲ್ಲದೆ
ಒಂದು ಪೊರಕೆಯನ್ನೂ ಕೊಳ್ಳುವಂತಿಲ್ಲ ಸರ್ಕಾರದಲ್ಲಿ.
ಇಪ್ಪತ್ತೆರಡು ವರ್ಷ ಶಿವಮೊಗ್ಗದ ಖಜಾನೆಯಲ್ಲಿ ಕೂತು
ಕಡಿಮೆ ಬರೆದವನ ಹೆಸರಿನ ಮುಂದೆ
ಕೆಂಪು ಶಾಯಿಯಲ್ಲಿ ಟಿಕ್ಕು ಹಾಕಿದವಳು ನಾನು.
ಈಗ ನನಗೇ ವರ್ಗ. ಬೀದರಿಗೆ.
ಭೂಪಟದ ಮೇಲೆ ಗೇಣು ಹಾಕಿ ನೋಡಿದೆ:
ಹೆಬ್ಬೆರಳು ತುಂಗೆಯಲ್ಲಿ,
ಕಿರುಬೆರಳು ಇನ್ನೂ ಲಿಂಗಸುಗೂರಿನಲ್ಲೇ.

ಹಾಗಾಗಿ ಮನೆ ಸಾಮಾನಿಗೂ ಮೂರು ಕರೆದೆ.

ಮೊದಲನೆಯವನದು ನೆಹರೂ ರಸ್ತೆಯಲ್ಲಿ ಗಾಜಿನ ಬಾಗಿಲು.
ಒಳಗೆ ತಂಪು, ಗೋಡೆಯ ಮೇಲೆ ನಗುವ ಸಂಸಾರ,
ಅವರ ಸೋಫಾಕ್ಕೆ ಒಂದು ಗೀರೂ ಇಲ್ಲ.
‘ನೂರಕ್ಕೆ ನೂರು ಸೇಫ್, ಮೇಡಂ’ ಅಂದ ಹುಡುಗ.
ಲಾರಿ ನಿಮ್ಮದೇ ಏನಪ್ಪಾ ಅಂದೆ.
ಟೈ ಸರಿಮಾಡಿಕೊಂಡು, ‘ಪಾರ್ಟ್‌ನರ್‌ದು’ ಅಂದ.
ಪಾರ್ಟ್‌ನರ್ ಎಲ್ಲಿ ಅಂದೆ.
ಕುಡಿಯಲು ನೀರು ತರಿಸಿಕೊಟ್ಟ.

ಎರಡನೆಯವನು ಬರೀ ದನಿ.
ಮನೆ ನೋಡದೆ, ಮಂಚ ಎಣಿಸದೆ
ಫೋನಿನಲ್ಲೇ ಹದಿನಾಲ್ಕು ಸಾವಿರ ಅಂದ.
ಎಲ್ಲರಿಗಿಂತ ಕಡಿಮೆ. ಅರ್ಧ ಈಗಲೇ ಹಾಕಿ ಅಂದ.
ಮೇಲಿನ ಮನೆ ಸಿಸಿಲಿಯಾ ಬಾಯಿ ಕೇಳಿಸಿಕೊಂಡು ಇಳಿದು ಬಂದರು.
ಅವರ ನಾದಿನಿಯ ಸಾಮಾನು ಹೀಗೇ ದನಿಯ ಹಿಂದೆ ಹೋಗಿ
ಹರಿಹರದಾಚೆ ಯಾವುದೋ ಗೋಡೌನಿನಲ್ಲಿ ನಿಂತಿತ್ತಂತೆ,
ಮತ್ತೆ ಎಂಟು ಸಾವಿರ ಕೊಡುವ ತನಕ.
ಫ್ರಿಜ್ಜು ಬಂತಂತೆ, ಬಾಗಿಲು ಬರಲಿಲ್ಲವಂತೆ.

ಮೂರನೆಯವನು ಹಾಲೇಶಪ್ಪ.
ಕಿವಿಗೆ ಪೆನ್ಸಿಲ್ಲು, ಕೈಯಲ್ಲಿ ಮಗಳ ಹಳೆ ಗಣಿತದ ನೋಟುಪುಸ್ತಕ.
ಬೀರುವಿನ ಹೊಟ್ಟೆಗೆ ಬೆರಳಲ್ಲಿ ತಟ್ಟಿ
ಹಲಸಿನ ಹಣ್ಣು ನೋಡುವವನ ಹಾಗೆ ಕಿವಿಗೊಟ್ಟ.
ಬಗ್ಗಿ ಮಂಚದ ಕೆಳಗೂ ನೋಡಿದ.
ಬರೆದದ್ದನ್ನು ಗಟ್ಟಿಯಾಗಿ ಓದಿದ:
ಕನ್ನಡಿ ಒಂದು, ಮೊದಲೇ ಬಿರುಕು.
ಬೀರು, ಎಡಗಾಲು ಕುಂಟು.
ಮಂಚ ಎರಡು, ಹಾಸಿಗೆ ಒಂದು.
ಅಲ್ಲಿ ಪೆನ್ಸಿಲ್ಲು ಒಂದು ಗಳಿಗೆ ನಿಂತಿತು,
ಏನೂ ಕೇಳದೆ ಮುಂದಿನ ಸಾಲಿಗೆ ಹೋಯಿತು.
ಉಪ್ಪಿನಕಾಯಿ ಜಾಡಿ ನಾಲ್ಕು.

ಏನೂ ಒಡೆಯಲ್ಲ ತಾನೆ?
‘ಹಂಗೆ ಹೇಳಕ್ಕಾಗಲ್ಲ ಅಮ್ಮ. ಹೊಸಪೇಟೆ ದಾಟಿದ್ಮೇಲೆ
ರೋಡು ನನ್ನ ಮಾತು ಕೇಳಲ್ಲ.
ಒಡೆದ್ರೆ ನಿಮಗಿಂತ ಮೊದಲು ನಾನೇ ಹೇಳ್ತೀನಿ.’
ಇಪ್ಪತ್ತಾರು ಸಾವಿರದ ಐನೂರು.
ಒಂದು ಪೈಸೆ ಇಳಿಸಲಿಲ್ಲ.
ಮೆಟ್ಟಿಲಿಳಿಯುತ್ತ ತಿರುಗಿ ನಿಂತ:
‘ಲಾರಿಗೆ ಹಾಕಬಾರದ್ದು ಏನಾದ್ರೂ ಐತಾ?’

ಇದನ್ನು ಯಾರೂ ಕೇಳಿರಲಿಲ್ಲ.
ಹೆಪ್ಪಿನ ಬಟ್ಟಲು ನೆನಪಾಯಿತು.
ಚಿಕ್ಕಮ್ಮ ತೀರ್ಥಹಳ್ಳಿಯಿಂದ ಬಸ್ಸಿನಲ್ಲಿ ತಂದುಕೊಟ್ಟದ್ದು,
ಒಂದು ದಿನವೂ ತಪ್ಪದೆ
ಹಾಲಿನಿಂದ ಹಾಲಿಗೆ ದಾಟಿಕೊಂಡು ಬಂದದ್ದು.
ಅದಕ್ಕಿಂತ ಹಳೆಯದು ಈ ಮನೆಯಲ್ಲಿ ನಾನೊಬ್ಬಳೇ.

ಆ ರಾತ್ರಿ ಟಿಪ್ಪಣಿ ಬರೆದೆ, ರೂಢಿ ಬಿಡುತ್ತದೆಯೇ:
‘ಅತಿ ಕಡಿಮೆ ದರವನ್ನು ತಿರಸ್ಕರಿಸಲಾಗಿದೆ. ಕಾರಣ,’
ಕಾರಣದ ಮುಂದೆ ಏನು ಬರೆಯಲಿ?
ಮಂಚದ ಕೆಳಗೆ ನೋಡಿದ, ಅಂತಲೇ?
ಆಡಿಟ್‌ನವರು ಒಪ್ಪುವುದಿಲ್ಲ.

ಆರಕ್ಕೆ ಬರಬೇಕಾದ ಲಾರಿ ಒಂಬತ್ತಕ್ಕೆ ಬಂತು.
ಐದಕ್ಕೇ ಫೋನು ಮಾಡಿದ್ದ:
ಪಂಕ್ಚರ್ ಅಮ್ಮ, ಇನ್ನಷ್ಟು ಮಲಕ್ಕೊಳ್ಳಿ.

ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು
ರಾತ್ರಿಯಿಡೀ ಬಸ್ಸಿನಲ್ಲಿ ಕೂತೆ.
ಪಕ್ಕದವರು ದೇವರೋ ಏನೋ ಅಂದುಕೊಂಡು
ಕಾಲು ತಗುಲದಂತೆ ಸರಿದು ಕೂತರು.

ಬೀದರಿನ ಬಾಡಿಗೆ ಮನೆಯ ಬರಿನೆಲದಲ್ಲಿದ್ದಾಗ ಮತ್ತೆ ಫೋನು.
‘ಒಂದು ಜಾಡಿ ಹೋತು ಅಮ್ಮ. ಮಿಡಿಮಾವಿಂದು.
ಲಾರಿ ತುಂಬ ಅದರದ್ದೇ ವಾಸನೆ.
ಬಾಡಿಗೇಲಿ ಹಿಡ್ಕೊಳ್ಳಿ.’

ಎದುರುಮನೆಯಿಂದ ಹಾಲು ಕೇಳಿ ತಂದು
ಆಗಲೇ ಹೆಪ್ಪು ಹಾಕಿದ್ದೆ.
ಇಲ್ಲಿಯ ಸೆಕೆಗೆ ಮೂರೇ ಗಂಟೆಯಲ್ಲಿ ಗಟ್ಟಿಯಾಗಿ
ಬರೀ ಹುಳಿ.
ಲಾರಿ ಇನ್ನೂ ಹುಮನಾಬಾದಿನಲ್ಲಿತ್ತು.