ಎಳೆ ಎಣಿಸುವ ಗಾಜು

ತೋಳಹುಣಸೆಯ ಪ್ರಯೋಗಶಾಲೆಯಲ್ಲಿ ಅಳೆಯುವ ಯಂತ್ರ ಕೆಟ್ಟು
ಹನ್ನೆರಡು ದಿನ. ದುರಸ್ತಿಯವನು ಪುಣೆಯಿಂದ ಬರಬೇಕು.
ಫೋಟೋ ಫಲಕವನ್ನು ಎರಡು ರಟ್ಟಿನ ನಡುವೆ ಕಟ್ಟಿ
ಸಿಟಿ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು
ದಾವಣಗೆರೆಯ ಬಾಡಿಗೆ ಕೋಣೆಗೆ ತಂದಿದ್ದೇನೆ.
ಕಿಟಕಿ ತೆರೆದರೆ ಮಂಡಕ್ಕಿ ಭಟ್ಟಿಯ ಹೊಗೆ.

ಕೆಳಮನೆಯ ಬಕ್ಕಪ್ಪನವರು
ಮಿಲ್ಲಿನಲ್ಲಿ ಬಟ್ಟೆ ತಪಾಸಣೆ ಮಾಡಿದವರು.
ಮಿಲ್ಲು ಮುಚ್ಚಿತು; ಉಳಿದದ್ದು ಹಿತ್ತಾಳೆ ಚೌಕಟ್ಟಿನ
ಒಂದಂಗುಲದ ಗಾಜು,
ಹಾಸು ಎಷ್ಟು, ಹೊಕ್ಕು ಎಷ್ಟು, ಎಣಿಸುವುದಕ್ಕೆ.
ಕೇಳಿದೆ. ಕೊಟ್ಟರು.
ಸ್ಟೂಲು ಹಿಡಿದು ತಾವೂ ಹತ್ತಿ ಬಂದರು.

"ಏನವ್ವಾ ಇದು?"
ಕಬ್ಬಿಣ, ಆಮ್ಲಜನಕ. ಎರಡೇ ಎರಡು.
ನಿಮ್ಮ ಮಿಲ್ಲಿನ ಗೇಟಿಗೆ ಹಿಡಿದ ತುಕ್ಕಿನಲ್ಲೂ ಇವೇ,
ಅಲ್ಲಿ ಕೋಟಿಗಟ್ಟಲೆ ತೋಳಿಗೆ ತೋಳು ಸಿಕ್ಕಿ ಅಲುಗುವಂತಿಲ್ಲ.
ಇಲ್ಲಿ ಕುಲುಮೆಯ ಬಿಸಿಗೆ ಜೋಡಿ ಬಿಡಿಯಾಗಿ
ಗಿರಗಿರ ತಿರುಗುತ್ತ ಕಿತ್ತಳೆ ಬೆಳಕು ಬಿಡುತ್ತದೆ.
"ಎಷ್ಟು ಜೋರು?"
ಮನಬಂದಷ್ಟಲ್ಲ. ಮೆಟ್ಟಿಲು ಮೆಟ್ಟಿಲು,
ನಡುವೆ ಕಾಲೂರಲು ಜಾಗವಿಲ್ಲ.
"ನಮ್ಮ ಕದಿರಿಗೆ ಅಂಥ ಕಟ್ಟಳೆ ಇರಲಿಲ್ಲ ಬಿಡು."

ಮೊದಮೊದಲ ಗೆರೆಗಳೇ ಇಲ್ಲ, ಎಣಿಕೆ ನಾಲ್ಕರಿಂದ.
ಪಟ್ಟಿಯ ತಲೆಯಲ್ಲಿ ಒತ್ತೊತ್ತು,
ಕೆಂಪಿನ ಕಡೆ ಹೋದಂತೆ ನೆರಿಗೆ ಬಿಚ್ಚಿದ ಹಾಗೆ ಅಗಲ ಅಗಲ.
ಎರಡು ವರ್ಷ ಎಣಿಸಿದ್ದೇನೆ.
ಇಪ್ಪತ್ತಾರನೆಯದು ಎಂದೂ ತನ್ನ ಜಾಗದಲ್ಲಿಲ್ಲ.
ಅಳತೆಯ ತಪ್ಪೆಂದು ನೋಟ್‌ಬುಕ್ಕಿನಲ್ಲಿ ಸುತ್ತು ಹಾಕಿ
ಲೆಕ್ಕದಿಂದ ಹೊರಗಿಟ್ಟಿದ್ದೆ. ಗೈಡ್ ಒಪ್ಪಿದ್ದರು.

ಮುಟ್ಟಬೇಡಿ ಎನ್ನುವಷ್ಟರಲ್ಲಿ
ಅಲ್ಲೇ ಉಗುರಿಟ್ಟರು. "ಈ ಎಳೆ ಸರಿದೈತಿ."
ತಪ್ಪು ಅದು, ಎಂದೆ.
"ತಪ್ಪಾದ್ರೆ ಇದೊಂದೇ ಸರೀತಿತ್ತು.
ಹಿಂದಿನವು ಈ ಕಡೆ ವಾಲ್ಯಾವ, ಮುಂದಿನವು ಆ ಕಡೆ.
ನಡುವೆ ಯಾರೋ ಹಾದು ಹೋಗ್ಯಾರ."

ಸುಮ್ಮನೆ ಕೂತೆ.
ಹಾದುಹೋದವರ ಗೆರೆ ಫಲಕದಲ್ಲಿಲ್ಲ,
ಅವರು ಬೆಳಗುವವರಲ್ಲ.
ದಾರಿ ಬಿಟ್ಟವರ ಓರೆಯಷ್ಟೇ ಇದೆ,
ಕೂದಲೆಳೆಯಷ್ಟು, ಅದಕ್ಕೂ ಕಡಿಮೆ.
ಅದನ್ನೇ ಹಿಡಿದು, ಹಾಕಿದ ಸುತ್ತುಗಳನ್ನೆಲ್ಲ ರಬ್ಬರಿನಿಂದ ಉಜ್ಜಿ
ಇರುಳಿಡೀ ಲೆಕ್ಕ ಮಾಡಿದೆ.
ಕೋಳಿ ಕೂಗುವ ಹೊತ್ತಿಗೆ ಕತ್ತಲಲ್ಲಿದ್ದ ಆ ಸ್ಥಿತಿಗೂ
ಒಂದು ಸಂಖ್ಯೆ ಸಿಕ್ಕಿತು. ದಶಮಾಂಶದಾಚೆ ಮೂರು ಅಂಕಿ;
ಕೊನೆಯದನ್ನು ನಂಬುವ ಹಾಗಿಲ್ಲ.

ಏಳಕ್ಕೆ ಬಾಗಿಲು ಬಡಿದರು, ಗಾಜು ಬೇಕಂತೆ.
ಮೊಮ್ಮಗಳ ಲಂಗಕ್ಕೆ ಬಟ್ಟೆ ತಂದಿದ್ದಾರೆ,
ಅಂಗುಲಕ್ಕೆ ಅರವತ್ತು ಎಳೆ ಎಂದನಂತೆ ಅಂಗಡಿಯವನು.
"ಎಣಿಸಬೇಕು," ಎಂದರು.