ಹದಿನಾಲ್ಕನೆಯ ಮನೆ

ಹೊಸೂರಿನ ಬಾಗಲೂರು ರಸ್ತೆ, ತಗಡಿನ ಶೆಡ್ಡು.
ಅಲ್ಲಿ ನನ್ನ ಹೆಸರು ಹದಿನೇಳು.
ಉಗುರಿನಷ್ಟಗಲದ ದುಂಡು ಚೀಟಿ,
ಗಿಟಾರಿನ ಹೊಟ್ಟೆಯೊಳಗೆ ಎರಡು ಬೆರಳು ತೂರಿಸಿ ಅಂಟಿಸುತ್ತೇನೆ:
ಈ ಮರ ಹಾಡಬಲ್ಲದು ಎಂದು
ಹಾಡಲು ಬಾರದ ನಾನು ಕೊಡುವ ಮಾತು.

ತಂತಿಗಳ ಇಂಗ್ಲಿಷ್ ಅಕ್ಷರ ಗೋಡೆಯ ಮೇಲಿದೆ.
ನಾವು ಮೇಜಿನ ಹೆಂಗಸರು ಬೇರೆ ಹೆಸರಿಟ್ಟಿದ್ದೇವೆ.
ಎಲ್ಲಕ್ಕಿಂತ ದಪ್ಪನೆಯದು ಅತ್ತೆ, ಪಕ್ಕದಲ್ಲಿ ಮಾವ,
ಆಮೇಲೆ ಭಾವ, ನಾದಿನಿ, ಸೊಸೆ,
ಕಟ್ಟಕಡೆಗೆ ಕೂಸು, ಮುಟ್ಟಿದರೆ ಕಿರುಚುತ್ತದೆ.
ಕಂಬಿಗಳ ನಡುವಿನ ಸಂದಿಗೆ ಮನೆ ಅನ್ನುತ್ತೇವೆ, ಚೌಕಾಬಾರದ ಹಾಗೆ.
ಎಲ್ಲಾದರೂ ಗುಂಯ್ ಎಂದರೆ
ಆ ಮನೆಗೆ ಜೀರುಂಡೆ ಹೊಕ್ಕಿದೆ.

ಲೆಕ್ಕ ಕೇಳಿ.
ಆರು ತಂತಿ, ಇಪ್ಪತ್ತು ಮನೆ.
ನೂರಿಪ್ಪತ್ತು ಸಲ ಒತ್ತಬೇಕು, ಮೀಟಬೇಕು, ಕಿವಿಗೊಡಬೇಕು.
ಹೋದ ವರ್ಷ ಒಂದಕ್ಕೆ ಮೂರು ನಿಮಿಷ ಇತ್ತು,
ಈಗ ತೊಂಬತ್ತು ಸೆಕೆಂಡು.
ಆಗ ಪಾಳಿಗೆ ನೂರೈವತ್ತು, ಈಗ ಮುನ್ನೂರು.
ಕಿವಿ ಮಾತ್ರ ಎರಡೇ.

ಹಾಗಾಗಿ ಮನೆ ಹಾರಿಸುತ್ತೇನೆ.
ಮೊದಲ ಐದು ಬಿಡುವುದಿಲ್ಲ, ಕಲಿಯುವ ಮಕ್ಕಳು ಅಲ್ಲೇ ತಡಕಾಡುತ್ತಾರೆ.
ಆಮೇಲೆ ಏಳು, ಒಂಬತ್ತು, ಹನ್ನೆರಡು.
ಅದರಾಚೆಗೆ ಹೋಗುವವರು ಯಾರು
ಈ ಬೆಲೆಯ ಗಿಟಾರು ಕೊಂಡವರಲ್ಲಿ?
ಇದನ್ನು ಇಳಂಗೋ ಹೇಳಿಕೊಟ್ಟದ್ದಲ್ಲ.
ಅವನು ಹಿಂದೆ ನಿಂತು "ಪೋದುಮ್ಮಾ" ಅಂದನಷ್ಟೇ.
ಎಷ್ಟಕ್ಕೆ ಸಾಕು ಎಂಬುದನ್ನು
ನಾನೇ ಹುಡುಕಿಕೊಂಡೆ.

ಗಾಜಿನಾಚೆ ಉಜ್ಜುವ ಕೋಣೆ.
ದೇವೀರಮ್ಮ ಅಲ್ಲಿ ಕುತ್ತಿಗೆಗಳನ್ನು ಉಜ್ಜುತ್ತಾಳೆ.
ವಾರಕ್ಕೊಂದು ಮಾಸ್ಕು,
ಮಂಗಳವಾರಕ್ಕೇ ಕಾಫಿ ಸೋಸಿದ ಬಟ್ಟೆ.
ತಲೆಗೆ ನೀರು ಹಾಕಿಕೊಂಡರೆ
ಬಚ್ಚಲಲ್ಲಿ ಮಹಾಗನಿ ಹರಿಯುತ್ತದಂತೆ.
ಮರ ಬಿರಿಯದಿರಲೆಂದು ಮರದ ಕೋಣೆಗೆ ಎಸಿ,
ತೇವ ನೋಡಲು ದಿನಕ್ಕೆ ನಾಲ್ಕು ಸಲ ಒಬ್ಬ ಬರುತ್ತಾನೆ.
ಅವಳು ಕೆಮ್ಮಿದರೆ ನನ್ನ ಮೇಜಿಗೆ ಕೇಳುವುದಿಲ್ಲ.
ದಪ್ಪ ಗಾಜು. ಶ್ರುತಿ ಕೆಡಬಾರದಲ್ಲ.

ಕೆಟ್ಟವಕ್ಕೆ ಶನಿವಾರ ಗರಗಸ.
ಯಾರೂ ಕದ್ದು ಮಾರಬಾರದೆಂದು ನಟ್ಟನಡುವೆ ಎರಡು ಹೋಳು.
ಚೀಲಕ್ಕೆ ತುಂಬಿ ಡೆಂಕಣಿಕೋಟೆ ಬಸ್ಸು ಹತ್ತುತ್ತೇವೆ,
ನೀರೊಲೆಗೆ ಆಗುತ್ತದೆ.
ವಾರ್ನಿಷು ಹೆರೆದು ಹಾಕಬೇಕು, ಇಲ್ಲದಿದ್ದರೆ ಕಣ್ಣುರಿ.
ಮುಂದಿನ ಬಿಳಿ ಹಲಗೆ ಹಿಮ ಬೀಳುವ ದೇಶದ್ದಂತೆ.
ಉರಿಯುವಾಗ ಒಮ್ಮೆ ಟಿಣ್ ಅನ್ನುತ್ತದೆ,
ಸೊಸೆಯ ಶ್ರುತಿ. ಸರಿಯಾಗೇ ಇರುತ್ತದೆ.

ಮೊನ್ನೆ ಭಾನುವಾರ ಪೂಜೆ ಬಿಟ್ಟ ಮೇಲೆ
ಇನ್ನಾಸಪ್ಪನ ಮೊಮ್ಮಗ ಬಂದ,
ಚರ್ಚಿನವರು ಚೀಟಿ ಎತ್ತಿ ಕೊಂಡ ಗಿಟಾರು ಹೆಗಲಲ್ಲಿ.
"ಅಕ್ಕಾ, ಇದು ನಿಮ್ಮ ಕಂಪನೀದಂತೆ. ಇಲ್ಲಿ ಒತ್ತಿದ್ರೆ ಏನೋ ಗುಂಯ್ ಅಂತದೆ."
ಹದಿನಾಲ್ಕನೆಯ ಮನೆ, ನಾದಿನಿ.
ಮೊಬೈಲಿನ ಬೆಳಕು ಹೊಟ್ಟೆಯೊಳಗೆ ಬಿಟ್ಟೆ.
ಹದಿನೇಳು.

ಅಷ್ಟು ದೂರ ಯಾಕಪ್ಪ ಹೋದೆ ಎಂದು ಬಾಯಿಗೆ ಬಂತು.
ಕಲಿಯೋಕೆ ಶುರು ಮಾಡಿ ಎಷ್ಟು ದಿನ? ಅಂದೆ.
"ಎರಡು ತಿಂಗಳು."

ತಂತಿ ಸಡಿಲಿಸಿ ಕಣ್ಣ ಮಟ್ಟಕ್ಕೆ ಹಿಡಿದರೆ
ಮುಂದಿನ ಕಂಬಿ ಕೂದಲೆಳೆಯಷ್ಟು ಎದ್ದಿತ್ತು.
ಉಪ್ಪುಕಾಗದ ಹರಿದು, ಬೆಂಕಿಪೆಟ್ಟಿಗೆಗೆ ಸುತ್ತಿ ಉಜ್ಜಿದೆ,
ಒರೆಸಿ, ನೋಡಿ, ಮತ್ತೆ ಉಜ್ಜಿದೆ.
ಒಲೆಯ ಮೇಲೆ ಸಾರು ಬತ್ತಿತು.
ಆಮೇಲೆ ಅತ್ತೆಯಿಂದ ಶುರು ಮಾಡಿ
ನೂರಿಪ್ಪತ್ತೂ ಮನೆ ಒತ್ತಿ ಬಂದೆ, ಒಂದನ್ನೂ ಹಾರಿಸದೆ.
ಹುಡುಗ ಎರಡು ಸಲ ಆಕಳಿಸಿದ.

"ಎಷ್ಟು ಕೊಡಬೇಕು ಅಕ್ಕಾ?"

ಕೇಳದವಳಂತೆ ಒಳಗೆ ಬೆರಳು ತೂರಿಸಿ
ಚೀಟಿಯನ್ನು ಉಗುರಿನಿಂದ ಕೆದಕಿದೆ.
ಏಳಲಿಲ್ಲ.
ನಮ್ಮ ಕಾರ್ಖಾನೆಯಲ್ಲಿ
ಅಂಟು ಮಾತ್ರ ಒಳ್ಳೆಯದು.